ಲಾರಿಯ ಹಿಂದೆ ಏನೋ ಕೂಗುತ್ತಿದೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಡ್ರೈವರಣ್ಣ ಬರುತ್ತಾರೆ. ವಯಸ್ಸು ಐವತ್ತು ದಾಟಿದೆ. ಅವರಿಗೆ ಸ್ವಂತ ಲಾರಿ ಇದೆ. ಸಾಲದ ಲಾರಿ. ಆರು ಚಕ್ರದ್ದು, ಹಳೆಯದು. ದಾವಣಗೆರೆ ಕಡೆಯಿಂದ ಮೆಕ್ಕೆಜೋಳ ತುಂಬಿಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಏನು ಬಾಡಿಗೆ ಸಿಕ್ಕರೆ ಅದು. ಮೊದಲು ಮಗ ಕ್ಲೀನರ್ ಆಗಿದ್ದ. ಈಗ ಅವನಿಗೂ ಲೈಸೆನ್ಸ್ ಆಗಿದೆ.

ಒಂದು ಸಂಜೆ ಅವರು ತಡವಾಗಿ ಬಂದರು. ಹಿಂದಿನ ಸಾಲಿನಲ್ಲಿ ಕೂತರು. ಪುಸ್ತಕ ತೆರೆದರು. ಆದರೆ ಓದಲಿಲ್ಲ.

“ಯಾಕಣ್ಣ, ಹುಷಾರಿಲ್ವಾ?” ಅಂತ ಕೇಳಿದೆ.

“ನಂಗೇನಾಗೈತೆ ಟೀಚರಮ್ಮ. ಗಾಡಿಗೇ ಹುಷಾರಿಲ್ಲ. ಹಿಂದ್ಗಡೆ ಏನೋ ಕೂಗ್ತಾ ಐತೆ. ಗ್ಯಾರೇಜ್‌ನಾಗೆ ಕೇಳ್ದೆ. ಹೌಸಿಂಗ್ ಬಿಚ್ಚಬೇಕು, ಕ್ರೌನು ಪಿನಿಯನ್ ಎರಡೂ ಹೋಗೈತೆ ಅಂದ್ರು. ಅವ್ರು ಹೇಳಿದ ದುಡ್ಡು ಮೂರು ತಿಂಗ್ಳ ಕಂತು ಆಗ್ತೈತೆ.”

“ಅವರು ಗಾಡಿ ಓಡಿಸಿ ನೋಡಿದರಾ?”

“ಎಲ್ಲಿ ಓಡಿಸ್ತಾರೆ? ನಾನು ಹೇಳಿದ್ದು ಕೇಳಿದ್ರು, ಅಷ್ಟೇ.”

ಲಾರಿ ವಿಷಯ ಟೀಚರಿಗೆ ಏನು ಗೊತ್ತು ಅಂತ ನೀವು ಕೇಳಬಹುದು. ನಮ್ಮಪ್ಪ ಲಾರಿ ಮೆಕ್ಯಾನಿಕ್. ಹೆದ್ದಾರಿ ಪಕ್ಕದಲ್ಲಿ ಅವರ ಗ್ಯಾರೇಜ್ ಇತ್ತು. ನಾನು ಶಾಲೆಯ ಲೆಕ್ಕ ಮಾಡಿದ್ದು ಟೈರಿನ ಮೇಲೆ ಕೂತು. ಈಗ ಅಪ್ಪನ ಕೈ ನಡುಗುತ್ತದೆ. ಪಾನಾ ಹಿಡಿಯುವುದಿಲ್ಲ. ಆದರೆ ಕಿವಿ ಇನ್ನೂ ಚುರುಕು. ಅಣ್ಣನನ್ನು ಅಪ್ಪನ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮಲ್ಲಿ ಲಾರಿ ಓಡಿಸುವವರು ಇದ್ದೀರಿ. ಕ್ಲೀನರ್ ಕೆಲಸ ಮಾಡುವವರು ಇದ್ದೀರಿ. ಗಂಡ, ಮಗ ಲಾರಿ ಮೇಲೆ ಹೋಗಿ, ಮನೆಯಲ್ಲಿ ಕಾಯುವವರೂ ಇದ್ದೀರಿ.

ಗುಂಡಿನೊಳಗೆ ಏನಿದೆ?

ನಿಂತ ಲಾರಿಯನ್ನು ಹಿಂದಿನಿಂದ ಬಗ್ಗಿ ನೋಡಿ. ಎರಡು ಕಡೆ ಜೋಡಿ ಚಕ್ರ. ನಡುವೆ ಅಡ್ಡಲಾಗಿ ದಪ್ಪ ಕಬ್ಬಿಣ. ಅದರ ಮಧ್ಯದಲ್ಲಿ ದೊಡ್ಡ ಕುಂಬಳಕಾಯಿಯಂಥ ಗುಂಡು. ಈ ಇಡೀ ಕಬ್ಬಿಣದ ಗೂಡಿಗೆ ಹೌಸಿಂಗ್ ಎನ್ನುತ್ತಾರೆ. ಗುಂಡಿನೊಳಗೆ ಇರುವುದು ಡಿಫರೆನ್ಷಿಯಲ್. ಹೆಸರು ಉದ್ದ. ಗ್ಯಾರೇಜಿನಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಬರುತ್ತದೆ.

ಇಂಜಿನ್ ಮುಂದೆ ಇದೆ. ಓಡಬೇಕಾದದ್ದು ಹಿಂದಿನ ಚಕ್ರ. ಇಂಜಿನ್ನಿನ ಶಕ್ತಿ ಗೇರ್ ಬಾಕ್ಸ್ ದಾಟಿ, ಉದ್ದ ಶ್ಯಾಫ್ಟ್ ಮೂಲಕ ಹಿಂದಕ್ಕೆ ಬರುತ್ತದೆ. ಶ್ಯಾಫ್ಟಿನ ತುದಿಯಲ್ಲಿ ಒಂದು ಸಣ್ಣ ಹಲ್ಲಿನ ಗೇರ್ ಇದೆ. ಅದು ಪಿನಿಯನ್. ಅದು ಒಂದು ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಅದು ಕ್ರೌನ್. ಕ್ರೌನ್ ಎಂದರೆ ಕಿರೀಟ. ನೋಡಲು ಹಾಗೇ ಇದೆ.

ಒಂದು ಲೆಕ್ಕ ಮಾಡೋಣ. ಪಿನಿಯನ್‌ಗೆ 6 ಹಲ್ಲು, ಕ್ರೌನ್‌ಗೆ 41 ಹಲ್ಲು ಇದೆ ಅಂತ ಇಟ್ಟುಕೊಳ್ಳಿ. 41 ಅನ್ನು 6ರಿಂದ ಭಾಗಿಸಿ. ಏಳಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಅಂದರೆ ಪಿನಿಯನ್ ಸುಮಾರು ಏಳು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಸುತ್ತುತ್ತದೆ. ವೇಗ ಕಡಿಮೆಯಾಗುತ್ತದೆ, ಬಲ ಹೆಚ್ಚುತ್ತದೆ. ಆ ಬಲದಿಂದಲೇ ತುಂಬಿದ ಲಾರಿ ಏರು ಹತ್ತುವುದು. ಈ “ಏಳು ಸುತ್ತಿಗೆ ಒಂದು ಸುತ್ತು” ನೆನಪಿಡಿ. ಮುಂದೆ ಸದ್ದು ಹುಡುಕುವಾಗ ಬೇಕಾಗುತ್ತದೆ.

ಇಷ್ಟು ಹೇಳುವಾಗ ನಮ್ಮ ಕೇಂದ್ರದ ಅಜ್ಜಿಯೊಬ್ಬರು ತಡೆದರು. “ಎರಡು ಚಕ್ರಕ್ಕೂ ಒಂದೇ ಉದ್ದನೆ ಸಲಾಕೆ ಹಾಕಿದ್ರೆ ಆಗ್ತಿರ್ಲಿಲ್ವಾ ತಾಯಿ? ಈ ಗುಂಡು ಯಾಕೆ?” ಅಂದರು.

ನಾನು ಉತ್ತರ ಹೇಳುವ ಮೊದಲೇ ಅವರೇ ಯೋಚನೆ ಮಾಡಿದರು. “ಎತ್ತಿನ ಗಾಡಿ ತಿರುಗ್ಸುವಾಗ ಒಳಗಿನ ಗಾಲಿ ನಿಂತಂಗೇ ಇರ್ತೈತೆ, ಹೊರಗಿನ ಗಾಲಿ ಸುತ್ತು ಹೊಡೀತೈತೆ. ಲಾರಿಗೂ ಹಂಗೇ ಬೇಕಲ್ಲ!” ಅಂದರು.

ಅಜ್ಜಿ ಹೇಳಿದ್ದು ಸರಿ. ಎತ್ತಿನ ಗಾಡಿಯ ಗಾಲಿಗಳು ಒಂದಕ್ಕೊಂದು ಅಂಟಿಲ್ಲ. ತಮ್ಮ ಪಾಡಿಗೆ ತಾವು ತಿರುಗುತ್ತವೆ. ಶಾಲೆಯಲ್ಲಿ ಮಕ್ಕಳು ಕೈ ಹಿಡಿದು ಸಾಲಾಗಿ ತಿರುಗುವುದನ್ನು ನೋಡಿದ್ದೀರಲ್ಲ? ಒಳಗಿನ ಮಗು ನಿಂತಲ್ಲೇ ಹೆಜ್ಜೆ ಹಾಕುತ್ತದೆ. ಹೊರಗಿನ ಮಗು ಓಡುತ್ತದೆ. ಲಾರಿಯ ಎಡ ಬಲ ಚಕ್ರಗಳ ನಡುವೆ ಆರು ಅಡಿ ಇದ್ದರೆ, ಒಂದು ಮೂಲೆ ತಿರುಗುವಾಗ ಹೊರಗಿನ ಚಕ್ರ ಒಂಬತ್ತು ಅಡಿಗಿಂತ ಜಾಸ್ತಿ ಓಡಬೇಕು. ಎರಡನ್ನೂ ಒಂದೇ ಸಲಾಕೆಗೆ ಬಿಗಿದರೆ ಟೈರು ರಸ್ತೆ ಮೇಲೆ ಉಜ್ಜಿ ಸವೆಯುತ್ತದೆ, ಆಕ್ಸಲ್ ಮುರಿಯುತ್ತದೆ.

ಅದಕ್ಕೆ ಕ್ರೌನ್ ಜೊತೆಗೆ ಒಂದು ಪೆಟ್ಟಿಗೆ ಇದೆ. ಅದರೊಳಗೆ ನಾಲ್ಕಾರು ಸಣ್ಣ ಗೇರ್‌ಗಳಿವೆ. ಅವುಗಳಲ್ಲಿ ಕೆಲವನ್ನು ನಮ್ಮ ಗ್ಯಾರೇಜಿನವರು ಸ್ಟಾರ್ ಪಿನಿಯನ್ ಎನ್ನುತ್ತಾರೆ. ನೇರ ರಸ್ತೆಯಲ್ಲಿ ಅವು ಸುಮ್ಮನೆ ಕೂತಿರುತ್ತವೆ. ಲಾರಿ ತಿರುಗುವಾಗ ಮಾತ್ರ ಉರುಳುತ್ತವೆ. ಒಂದು ಚಕ್ರಕ್ಕೆ ಎಷ್ಟು ಸುತ್ತು ಕಡಿಮೆಯೋ, ಇನ್ನೊಂದಕ್ಕೆ ಅಷ್ಟು ಸುತ್ತು ಜಾಸ್ತಿ ಕೊಡುತ್ತವೆ. ಸುಮಾರು 200 ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಯೂರ್ ಎಂಬಾತ ಉಗಿಬಂಡಿಗಾಗಿ ಇಂಥ ಏರ್ಪಾಟು ಮಾಡಿದ. ಆಗ ಡೀಸೆಲ್ ಲಾರಿಯೇ ಇರಲಿಲ್ಲ.

ಅಪ್ಪ ಕೇಳಿದ ಪ್ರಶ್ನೆ

ಅಪ್ಪ ಅಣ್ಣನನ್ನು ಕೂರಿಸಿಕೊಂಡರು. “ಎಲ್ಲಿಂದ ಸದ್ದು ಬರುತ್ತೆ ಅಂತ ನಾನು ಕೇಳಲ್ಲ. ಯಾವಾಗ ಬರುತ್ತೆ ಹೇಳಿ,” ಅಂದರು.

ಇದೇ ಮುಖ್ಯ. ಕಬ್ಬಿಣದಲ್ಲಿ ಸದ್ದು ಹರಿಯುತ್ತದೆ. ಬಲಗಡೆ ಚಕ್ರದಲ್ಲಿ ಹುಟ್ಟಿದ ಸದ್ದು ಹೌಸಿಂಗ್ ಹಿಡಿದು, ಚಾಸಿ ಹಿಡಿದು ಕ್ಯಾಬಿನ್ನಿಗೆ ಬರುತ್ತದೆ. ಡ್ರೈವರ್ ಕಿವಿಗೆ ಎಲ್ಲವೂ “ಹಿಂದ್ಗಡೆಯಿಂದ” ಅಂತಲೇ ಕೇಳುತ್ತದೆ. ಎಲ್ಲಿ ಎಂದು ಕಿವಿ ಸುಳ್ಳು ಹೇಳಬಹುದು. ಯಾವಾಗ ಎಂಬುದರಲ್ಲಿ ಮೋಸ ಕಡಿಮೆ.

ಎಕ್ಸಲೇಟರ್ ಒತ್ತಿದಾಗಲಾ? ಕಾಲು ತೆಗೆದಾಗಲಾ? ನೇರ ಹೋಗುವಾಗಲಾ, ತಿರುಗುವಾಗಲಾ? ಯಾವ ಕಡೆ ತಿರುಗುವಾಗ? ಗೇರ್ ಹಾಕಿ ಕ್ಲಚ್ ಬಿಟ್ಟ ಕ್ಷಣದಲ್ಲಾ? ನಿಂತ ಗಾಡಿಯಲ್ಲೂ ಬರುತ್ತಾ?

ಅಣ್ಣ ತಲೆ ಕೆರೆದುಕೊಂಡರು. “ಅಷ್ಟೆಲ್ಲ ಗಮನಿಸಿಲ್ಲ ಯಜಮಾನ್ರೇ,” ಅಂದರು.

“ಹಾಗಾದರೆ ನಾಳೆ ಗಮನಿಸಿ. ಬರೆದುಕೊಂಡು ಬನ್ನಿ,” ಅಂದರು ಅಪ್ಪ.

ಅಣ್ಣ ನನ್ನ ಮುಖ ನೋಡಿದರು. ಅಕ್ಷರ ಕಲಿತು ಆಗ ಐದು ತಿಂಗಳಾಗಿತ್ತು. ಹೆಸರು, ಊರು, ಅಂಗಡಿ ಬೋರ್ಡು ಬಿಟ್ಟು ಬೇರೆ ಏನೂ ಸ್ವಂತವಾಗಿ ಬರೆದಿರಲಿಲ್ಲ. ನಾನು ಒಂದು ನೋಟ್‌ಬುಕ್ಕು ಮತ್ತು ಪೆನ್ಸಿಲ್ ಕೊಟ್ಟೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ. ಓಡಿಸುವವರು ಬರೆಯಬಾರದು. ಮಗ ಓಡಿಸಲಿ, ನೀವು ಪಕ್ಕದಲ್ಲಿ ಕೂತು ಬರೆಯಿರಿ.

ಒಂದೊಂದು ಸದ್ದಿಗೆ ಒಂದೊಂದು ಅರ್ಥ

ಅಣ್ಣ ಬರೆದುಕೊಂಡು ಬರುವಷ್ಟರಲ್ಲಿ ನಾವು ಸದ್ದುಗಳ ಪರಿಚಯ ಮಾಡಿಕೊಳ್ಳೋಣ.

ಮೊದಲು ಡಿಫರೆನ್ಷಿಯಲ್‌ನದಲ್ಲದ ಸದ್ದುಗಳನ್ನು ಬೇರೆ ಮಾಡಿ. ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಇಂಜಿನ್ ರೇಸ್ ಮಾಡಿ. ಅದೇ ಸದ್ದು ಬಂದರೆ ಅದು ಇಂಜಿನ್ನಿನದು, ಕ್ಲಚ್ಚಿನದು ಅಥವಾ ಗೇರ್ ಬಾಕ್ಸಿನದು. ನಿಂತ ಗಾಡಿಯಲ್ಲಿ ಹಿಂದಿನ ಗುಂಡಿನೊಳಗೆ ಏನೂ ತಿರುಗುವುದಿಲ್ಲ.

ಟೈರೂ ಕೂಗುತ್ತದೆ. ದಪ್ಪ ಬಟನ್ ಟೈರು ಹೊಸ ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ. ಡಾಂಬರು ಬಿಟ್ಟು ಮಣ್ಣಿನ ರಸ್ತೆಗೆ ಇಳಿಸಿ. ಸದ್ದು ಬದಲಾದರೆ ಅದು ಟೈರಿನದು. ಗೇರ್ ಸದ್ದು ರಸ್ತೆ ನೋಡಿ ಬದಲಾಗುವುದಿಲ್ಲ. ಜೋಡಿ ಟೈರುಗಳ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡರೂ ಟಕ್ ಟಕ್ ಬರುತ್ತದೆ. ನಗಬೇಡಿ. ಆ ಕಲ್ಲು ಟೈರನ್ನು ಕೊಯ್ಯುತ್ತದೆ. ಹಾರಿದರೆ ಹಿಂದೆ ಬರುವ ಬೈಕಿನವನ ಮುಖಕ್ಕೆ ಬಡಿಯುತ್ತದೆ. ಹೊರಡುವ ಮೊದಲು ಸಂದಿ ನೋಡುವುದು ಕ್ಲೀನರ್ ಕೆಲಸ.

ಶ್ಯಾಫ್ಟಿನ ಜಾಯಿಂಟ್ ಸವೆದರೆ ಗಾಡಿ ಹೊರಡುವಾಗ ಢಕ್ ಅಂತ ಒಂದು ಏಟು. ಓಡುವಾಗ ನಡುಕ. ಗಾಡಿ ಕೆಳಗೆ ಹೋಗಿ ಶ್ಯಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿದರೆ ಜಾಯಿಂಟ್ ಸಡಿಲ ಗೊತ್ತಾಗುತ್ತದೆ. ಕೆಳಗೆ ಹೋಗುವ ಮೊದಲು ಇಂಜಿನ್ ಬಂದ್ ಇರಲಿ, ಚಕ್ರಕ್ಕೆ ಮರದ ತುಂಡು ಕೊಟ್ಟಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ.

ಈಗ ಗುಂಡಿನೊಳಗಿನ ಸದ್ದು.

ಎಕ್ಸಲೇಟರ್ ಒತ್ತಿದಾಗ ಕುಂಯ್ಯ್ ಎಂದು ಊಳಿಟ್ಟು, ಕಾಲು ತೆಗೆದರೆ ನಿಲ್ಲುತ್ತದೆಯೇ? ಹಾಗಾದರೆ ಕ್ರೌನ್ ಪಿನಿಯನ್ ಹಲ್ಲುಗಳ ಮೇಲೆ ಅನುಮಾನ. ಹಲ್ಲಿಗೆ ಎರಡು ಮುಖ ಇದೆ. ಎಳೆಯುವಾಗ ಒಂದು ಮುಖ ಒತ್ತುತ್ತದೆ. ಕಾಲು ತೆಗೆದಾಗ ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ಆಗ ಇನ್ನೊಂದು ಮುಖ ಒತ್ತುತ್ತದೆ. ಯಾವ ಮುಖ ಕೆಟ್ಟಿದೆಯೋ ಆಗ ಕೂಗು. ಕಾಲು ತೆಗೆದಾಗ ಮಾತ್ರ ಕೂಗಿದರೆ ಪಿನಿಯನ್ನಿನ ನಟ್ ಸಡಿಲವಾಗಿದೆಯೇ, ಅದರ ಬೇರಿಂಗ್ ಸವೆದಿದೆಯೇ ಎಂದು ಮೊದಲು ನೋಡಬೇಕು. ಅಪ್ಪ ಇದನ್ನು ಬಹಳ ಒತ್ತಿ ಹೇಳುತ್ತಾರೆ. ಸಡಿಲ ಪಿನಿಯನ್ನನ್ನು ಸಕಾಲದಲ್ಲಿ ಸರಿಮಾಡಿದರೆ ಹಲ್ಲು ಉಳಿಯುತ್ತದೆ. ಬಿಟ್ಟರೆ ಹಲ್ಲು ಮುರಿಯುತ್ತದೆ. ಮುರಿದ ಚೂರು ಸಂದಿಯಲ್ಲಿ ಸಿಕ್ಕಿದರೆ ಓಡುವ ಲಾರಿಯ ಹಿಂದಿನ ಚಕ್ರವೇ ಹಿಡಿದುಕೊಳ್ಳಬಹುದು. ಘಾಟಿ ಇಳಿಯುವಾಗ ಹಾಗಾದರೆ ಏನು ಗತಿ, ನೀವೇ ಯೋಚಿಸಿ.

ರಾಗಿ ಬೀಸುವ ಕಲ್ಲಿನ ಗರಗರ ನಿಮಗೆ ಗೊತ್ತು. ಅಂಥ ಸದ್ದು ಎಕ್ಸಲೇಟರ್ ಒತ್ತಿದರೂ ಬಂದು, ಬಿಟ್ಟರೂ ಬಂದು, ಗಾಡಿಯ ವೇಗಕ್ಕೆ ತಕ್ಕಂತೆ ಏರಿಳಿದರೆ ಅದು ಬಹುತೇಕ ಬೇರಿಂಗಿನದು. ಆದರೆ ಯಾವ ಬೇರಿಂಗ್? ಇಲ್ಲಿ “ಏಳು ಸುತ್ತಿಗೆ ಒಂದು ಸುತ್ತು” ಲೆಕ್ಕ ಬರುತ್ತದೆ. ಲಾರಿ ಗಂಟೆಗೆ 40 ಕಿಲೋಮೀಟರ್ ಓಡುವಾಗ ಚಕ್ರ ಒಂದು ಸೆಕೆಂಡಿಗೆ ಸುಮಾರು ಮೂರೂವರೆ ಸುತ್ತು ತಿರುಗುತ್ತದೆ. ಪಿನಿಯನ್ ಸುಮಾರು 24 ಸುತ್ತು. ಹೀಗಾಗಿ ಪಿನಿಯನ್ ಬೇರಿಂಗಿನ ಸದ್ದು ಸಣ್ಣಗೆ, ಚುರುಕಾಗಿ ಇರುತ್ತದೆ. ಕ್ರೌನ್ ಪಕ್ಕದ ಬೇರಿಂಗ್, ಚಕ್ರದ ಬೇರಿಂಗ್ ಇವುಗಳ ಸದ್ದು ದಪ್ಪಗೆ, ನಿಧಾನವಾಗಿ ಇರುತ್ತದೆ.

ನೇರ ರಸ್ತೆಯಲ್ಲಿ ಸುಮ್ಮನಿದ್ದು, ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಸ್ಟಾರ್ ಪಿನಿಯನ್ ಗೇರುಗಳ ಮೇಲೆ ಅನುಮಾನ. ಅವು ಉರುಳುವುದೇ ತಿರುವಿನಲ್ಲಿ ಅಂತ ಆಗಲೇ ಹೇಳಿದೆನಲ್ಲ. ಒಂದು ಕಡೆ ತಿರುಗಿದಾಗ ಗರಗರ ಹೆಚ್ಚಿ, ಇನ್ನೊಂದು ಕಡೆ ತಿರುಗಿದಾಗ ಇಳಿದರೆ ಅದು ಬೇರೆಯೇ. ಆಗ ಚಕ್ರದ ಬೇರಿಂಗ್ ನೋಡಿ. ಲಾರಿ ಎಡಕ್ಕೆ ತಿರುಗಿದರೆ ಭಾರ ಬಲಕ್ಕೆ ವಾಲುತ್ತದೆ. ಬಲಕ್ಕೆ ತಿರುಗಿದರೆ ಎಡಕ್ಕೆ ವಾಲುತ್ತದೆ. ಬಸ್ಸಿನಲ್ಲಿ ನಿಂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಭಾರ ಬಿದ್ದ ಕಡೆಯ ಕೆಟ್ಟ ಬೇರಿಂಗ್ ಜೋರಾಗಿ ಕೂಗುತ್ತದೆ.

ಹೊರಡುವಾಗ, ಗೇರ್ ಬದಲಿಸುವಾಗ ಢಕ್ ಎಂದು ಒಂದೇ ಏಟು ಕೇಳಿದರೆ ಎಲ್ಲೋ ಸಡಿಲ ಇದೆ. ಗ್ಯಾರೇಜಿನಲ್ಲಿ ಇದಕ್ಕೆ “ಪ್ಲೇ” ಎನ್ನುತ್ತಾರೆ. ಶ್ಯಾಫ್ಟಿನ ಜಾಯಿಂಟ್ ಇರಬಹುದು. ಆಕ್ಸಲ್ ಬೋಲ್ಟ್ ಇರಬಹುದು. ಕಮಾನು ಪಟ್ಟಿ ಹಿಡಿದ ಯು ಬೋಲ್ಟ್ ಇರಬಹುದು. ಇವೆಲ್ಲ ಹೊರಗೇ ಇವೆ. ಇವನ್ನು ನೋಡದೆ ಗುಂಡು ಬಿಚ್ಚುವವರ ಮಾತು ಕೇಳಬೇಡಿ. ಇವೆಲ್ಲ ಸರಿ ಇದ್ದರೆ ಆಗ ಕ್ರೌನ್ ಪಿನಿಯನ್ ನಡುವಿನ ಸಂದು ಹೆಚ್ಚಾಗಿದೆಯೇ ಎಂದು ನೋಡಬೇಕು. ಆ ಸಂದು ಇರಲೇಬೇಕು. ಆದರೆ ತೀರಾ ಸಣ್ಣದು. ಗಾಡಿಯಿಂದ ಗಾಡಿಗೆ ಬೇರೆ ಅಳತೆ. ಸಾಮಾನ್ಯವಾಗಿ ಎರಡು ಮೂರು ಹಾಳೆ ಕಾಗದದ ದಪ್ಪದಷ್ಟು. ಅದನ್ನು ಅಳೆಯಲು ಗಡಿಯಾರದಂಥ ಮೀಟರ್ ಇದೆ. ಕಣ್ಣಂದಾಜು ಸಾಲದು.

ಇನ್ನೊಂದು ಸದ್ದು, ಲೆಕ್ಕವಾಗಿ ಬಡಿಯುವ ಟಕ್, ಟಕ್, ಟಕ್. ಅದು ಮುರಿದ ಹಲ್ಲಿನದಿರಬಹುದು. ಇದನ್ನು ಹಿಡಿಯಲು ನಮ್ಮ ಸೀಮೆಸುಣ್ಣ ಸಾಕು. ಹಿಂದಿನ ಟೈರಿಗೆ ಒಂದು ಗೆರೆ ಎಳೆಯಿರಿ. ಖಾಲಿ ಬಯಲಿನಲ್ಲಿ ಮನುಷ್ಯ ನಡೆಯುವ ವೇಗಕ್ಕೆ ಲಾರಿ ಓಡಿಸಿ. ಒಬ್ಬರು ದೂರದಲ್ಲಿ, ಪಕ್ಕದಲ್ಲಿ ನಡೆಯುತ್ತಾ ಗೆರೆ ನೋಡಲಿ. ಚಕ್ರದ ಹತ್ತಿರ ಹೋಗಬಾರದು. ಆ ವೇಗದಲ್ಲಿ ಚಕ್ರಕ್ಕೆ ಒಂದು ಸುತ್ತಿಗೆ ಮೂರು ಸೆಕೆಂಡು ಬೇಕು. ಗೆರೆ ಒಮ್ಮೆ ಸುತ್ತಿ ಬರುವಷ್ಟರಲ್ಲಿ ಒಂದೇ ಟಕ್ ಕೇಳಿದರೆ ಅದು ಕ್ರೌನಿನ ಹಲ್ಲು ಅಥವಾ ಚಕ್ರಕ್ಕೆ ಸಂಬಂಧಿಸಿದ್ದು. ಆರೇಳು ಟಕ್ ಕೇಳಿದರೆ ಅದು ಪಿನಿಯನ್ ಹಲ್ಲು, ಇಲ್ಲವೇ ಶ್ಯಾಫ್ಟ್. ನಮ್ಮ ಕೇಂದ್ರದ ಹುಡುಗರು ಇದನ್ನು ಎರಡು ದಿನ ಆಟದಂತೆ ಆಡಿದರು. ಟಕ್ ಏನೂ ಕೇಳಲಿಲ್ಲ, ಆದರೆ ಸೀಮೆಸುಣ್ಣದ ಡಬ್ಬಿ ಖಾಲಿಯಾಯಿತು.

ಹಲ್ಲು ಮುರಿದ ಅನುಮಾನ ಬಂದರೆ ಮಾತ್ರ ಗಾಡಿ ಮುಂದೆ ಓಡಿಸಬೇಡಿ. ಬಾಡಿಗೆ ಹೋದರೆ ಹೋಗಲಿ.

ಅಣ್ಣ ಬರೆದ ನಾಲ್ಕು ಸಾಲು

ಮೂರನೆಯ ದಿನ ಅಣ್ಣ ನೋಟ್‌ಬುಕ್ಕು ತಂದರು. ಅಕ್ಷರ ಸೊಟ್ಟ. ಒತ್ತಕ್ಷರ ಕೆಲವು ಕಡೆ ಇಲ್ಲ. ಆದರೆ ಓದಲು ಏನೂ ಕಷ್ಟವಾಗಲಿಲ್ಲ. ತಿದ್ದಿ ಇಲ್ಲಿ ಕೊಡುತ್ತೇನೆ.

ಒತ್ತಿದರೂ ಸದ್ದು ಇದೆ. ಬಿಟ್ಟರೂ ಇದೆ.
ನಿಂತಾಗ ಇಲ್ಲ.
ಎಡಕ್ಕೆ ತಿರುಗಿದರೆ ಜಾಸ್ತಿ.
ಬಲಕ್ಕೆ ತಿರುಗಿದರೆ ಕಡಿಮೆ.

ನೀವು ಮೇಲಿನದನ್ನು ಓದಿದ್ದೀರಿ. ಏನಿರಬಹುದು ಹೇಳಿ ನೋಡೋಣ.

ಅಪ್ಪ ಎರಡು ಸಲ ಓದಿಸಿಕೊಂಡರು. “ಒತ್ತಿದರೂ ಬಿಟ್ಟರೂ ಒಂದೇ ಅಂದರೆ ಹಲ್ಲಿನದಲ್ಲ. ಎಡಕ್ಕೆ ಜಾಸ್ತಿ ಅಂದರೆ ಬಲಗಡೆ ಚಕ್ರ. ಖಾಲಿ ಗಾಡಿ ತನ್ನಿ,” ಅಂದರು.

ಮರುದಿನ ಖಾಲಿ ಲಾರಿ ಬಂತು. ಹತ್ತು ಕಿಲೋಮೀಟರ್ ಓಡಿ ಬಂದ ಕೂಡಲೇ ಅಪ್ಪ ಎರಡೂ ಕಡೆಯ ಹಬ್ ಹತ್ತಿರ ಕೈ ಹಿಡಿದರು. ಮುಟ್ಟಲಿಲ್ಲ. ಮುಟ್ಟಿದರೆ ಸುಡಬಹುದು. ಎಡಗಡೆ ಬೆಚ್ಚಗೆ. ಬಲಗಡೆ ಕಾವು ಹೊಡೆಯುತ್ತಿತ್ತು. ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೆ ಬಿಸಿಯಾಗುತ್ತದೆ. ಆದ್ದರಿಂದ ಅಪ್ಪ ಬ್ರೇಕನ್ನೂ ನೋಡಿದರು. ಅದು ಸರಿ ಇತ್ತು.

ಆಮೇಲೆ ಪರೀಕ್ಷೆ. ನೆಲ ಸಮವಾಗಿತ್ತು. ಮುಂದಿನ ಎರಡು ಚಕ್ರ, ಹಿಂದಿನ ಎಡ ಚಕ್ರ ಮೂರಕ್ಕೂ ಹಿಂದೆ ಮುಂದೆ ಮರದ ತುಂಡು ಕೊಟ್ಟೆವು. ಚಕ್ರ ತಿರುಗಿಸಿ ನೋಡಬೇಕು, ಹಾಗಾಗಿ ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಆಗ ಲಾರಿಯನ್ನು ತಡೆಯುವುದು ಈ ಮರದ ತುಂಡುಗಳೇ. ಬಲಗಡೆ ಜಾಕಿ ಕೊಟ್ಟು ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟರು. ಬರೀ ಜಾಕಿ ನಂಬಿ ಕೆಳಗೆ ಹೋಗಬಾರದು.

ಅಪ್ಪನ ಹಳೆಯ ಶಿಷ್ಯನೊಬ್ಬ ಪಾನಾ ಹಿಡಿದ. ಬಲಗಡೆ ಆಕ್ಸಲ್ಲಿನ ಬೋಲ್ಟುಗಳನ್ನು ಬಿಚ್ಚಿ, ಆಕ್ಸಲ್ ಹೊರಗೆ ಎಳೆದ. ನಮ್ಮ ಲಾರಿಗಳಲ್ಲಿ ಚಕ್ರ ಹಾಗೇ ಇರುವಾಗಲೇ ಆಕ್ಸಲ್ ತೆಗೆಯಬಹುದು. ಲಾರಿಯ ಭಾರ ಹೊರುವುದು ಹೌಸಿಂಗ್, ಆಕ್ಸಲ್ ಅಲ್ಲ. ಆಕ್ಸಲ್ ತೆಗೆದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಚಕ್ರ ಒಂದೇ ತಿರುಗುತ್ತದೆ. ಗುಂಡಿನೊಳಗಿನದು ಯಾವುದೂ ತಿರುಗುವುದಿಲ್ಲ. ಈಗ ಸದ್ದು ಬಂದರೆ ಗುಂಡಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಚಕ್ರ ತಿರುಗಿಸಿದರು. ಗರಗರ ಗರಗರ.

ಅಣ್ಣ ಏನೂ ಮಾತಾಡಲಿಲ್ಲ. ಹೋಗಿ ತಾವೇ ಇನ್ನೊಮ್ಮೆ ತಿರುಗಿಸಿದರು.

ಹಬ್ ಬಿಚ್ಚಿದಾಗ ಗ್ರೀಸ್ ಒಣಗಿ ಕಪ್ಪಗಾಗಿತ್ತು. ಬೇರಿಂಗಿನ ರೋಲರುಗಳ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು. ಬೇರಿಂಗ್, ಆಯಿಲ್ ಸೀಲ್ ಬದಲಾಯಿಸಿದರು. ಹೊಸ ಗ್ರೀಸ್ ತುಂಬಿದರು. ನಟ್ ಬಿಗಿಯುವಾಗ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಬಹಳ ಬಿಗಿದರೆ ಹೊಸ ಬೇರಿಂಗೂ ಸುಡುತ್ತದೆ. ಸಡಿಲ ಬಿಟ್ಟರೆ ಚಕ್ರ ಓಲಾಡುತ್ತದೆ. ಖರ್ಚು ಒಂದು ತಿಂಗಳ ಕಂತಿಗಿಂತ ಕಡಿಮೆ ಆಯಿತು. ಹೌಸಿಂಗ್ ಬಿಚ್ಚಲೇ ಇಲ್ಲ.

ಮೊದಲ ಗ್ಯಾರೇಜಿನವರು ಮೋಸ ಮಾಡಿದರಾ? ನನಗೆ ಹಾಗೆ ಅನ್ನಿಸುವುದಿಲ್ಲ. “ಹಿಂದೆ ಕೂಗ್ತೈತೆ” ಎಂಬ ಒಂದೇ ಮಾತು ಅವರ ಕಿವಿಗೆ ಬಿತ್ತು. ಅಷ್ಟರಿಂದ ಅವರು ಊಹೆ ಮಾಡಿದರು. ಓಡಿಸಿ ನೋಡದೆ ಊಹೆ ಮಾಡಿದ್ದು ತಪ್ಪೇ. ಆದರೆ ನಾವೂ ಪೂರ್ತಿ ಹೇಳಿರಲಿಲ್ಲ.

ಬಿಚ್ಚಲೇಬೇಕಾದಾಗ

ಎಲ್ಲ ಸಲವೂ ಅಗ್ಗದ ಬೇರಿಂಗೇ ಆಗಿರುವುದಿಲ್ಲ. ಕೆಲವು ಸಲ ನಿಜವಾಗಿ ಕ್ರೌನ್ ಪಿನಿಯನ್ ಹೋಗಿರುತ್ತದೆ. ಆಗ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಬೇಕು. ಕಾರ್ಖಾನೆಯಲ್ಲಿ ಅವನ್ನು ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತಾರೆ. ನಿಮಗೆ ಈಗ ಅಂಕಿ ಓದಲು ಬರುತ್ತದೆ. ಎರಡೂ ನಂಬರ್ ನೀವೇ ಓದಿ ನೋಡಿ. ಬೇರೆ ಬೇರೆ ಇದ್ದರೆ ಕೇಳಿ. ಹಳೆಯ ಕ್ರೌನಿಗೆ ಹೊಸ ಪಿನಿಯನ್ ಹಾಕಿದರೆ ಕೂಗು ಹೋಗುವುದಿಲ್ಲ, ದುಡ್ಡು ಹೋಗುತ್ತದೆ.

ಜೋಡಿಸುವಾಗ ಒಳ್ಳೆಯ ಮೆಕ್ಯಾನಿಕ್ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸುತ್ತಾನೆ. ನಾವು ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದೆವಲ್ಲ, ಹಾಗೇ ಹಲ್ಲಿನ ಮೇಲೆ ಗುರುತು ಬೀಳುತ್ತದೆ. ಗುರುತು ಹಲ್ಲಿನ ಮಧ್ಯದ ಆಸುಪಾಸಿನಲ್ಲಿ ಬೀಳಬೇಕು. ಅಂಚಿಗೆ ಬಿದ್ದರೆ ಜೋಡಣೆ ಸರಿಯಿಲ್ಲ. ಕೂಗು ಖಂಡಿತ.

ಆಯಿಲ್ ಮಾತು

ಎಷ್ಟೋ ಕೂಗು ಆಯಿಲ್ ಇಲ್ಲದೆ ಹುಟ್ಟಿದ್ದು. ಗುಂಡಿನ ಮೇಲೆ ಒಂದು ಪ್ಲಗ್ ಇದೆ. ಗಾಡಿ ಸಮತಟ್ಟಿನಲ್ಲಿ ನಿಂತು, ತಣ್ಣಗಾದ ಮೇಲೆ ಅದನ್ನು ಬಿಚ್ಚಿ ನೋಡಿ. ಆಯಿಲ್ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು. ಕಡಿಮೆ ಇದ್ದರೆ ಎಲ್ಲಿ ಸೋರಿತು ಎಂದು ಹುಡುಕಿ. ಸುಮ್ಮನೆ ಸುರಿದು ಬರಬೇಡಿ. ಚಕ್ರದ ಕಡೆ ಸೋರಿದರೆ ಆಯಿಲ್ ಬ್ರೇಕ್ ಲೈನರಿಗೆ ತಾಗುತ್ತದೆ. ಆಗ ಬ್ರೇಕೇ ಹಿಡಿಯುವುದಿಲ್ಲ. ಹೌಸಿಂಗಿನ ಮೇಲೆ ಗಾಳಿ ಹೋಗಲು ಸಣ್ಣ ಬ್ರೀದರ್ ಇರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ, ಬಿಸಿ ಗಾಳಿಯ ಒತ್ತಡಕ್ಕೆ ಆಯಿಲ್ ಸೀಲ್ ದಾಟಿ ಹೊರಬರುತ್ತದೆ. ಬರೀ ಬ್ರೀದರ್ ತೊಳೆದರೆ ಸಾಕಾದ ಗಾಡಿಗಳನ್ನು ಅಪ್ಪ ಎಷ್ಟೋ ನೋಡಿದ್ದಾರೆ.

ಇಳಿಸಿದ ಆಯಿಲ್ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹಳ್ಳ ದಾಟಿದ ಗಾಡಿಗಳಲ್ಲಿ ಹೀಗಾಗುತ್ತದೆ. ಕೆಲವು ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಕಾಡಿಗೆಯಂಥ ನುಣ್ಣನೆ ಪುಡಿ ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಆಗ ಗುಂಡು ಬಿಚ್ಚಿಸಿ. ಹಳೇ ಲಾರಿ ಕೊಳ್ಳುವವರಿಗೆ ಇನ್ನೊಂದು ಮಾತು. ಆಯಿಲ್‌ಗೆ ಮರದ ಪುಡಿ ಬೆರೆಸಿ ಕೂಗನ್ನು ಕೆಲವು ದಿನ ಅಡಗಿಸುವುದು ಹಳೆಯ ಮೋಸ. ಕೊಳ್ಳುವ ಮೊದಲು ಸ್ವಲ್ಪ ಆಯಿಲ್ ಇಳಿಸಿ, ಬೆರಳಲ್ಲಿ ತಿಕ್ಕಿ ನೋಡಿ.

ಇಂಜಿನ್ ಆಯಿಲ್ ಇಲ್ಲಿಗೆ ಆಗುವುದಿಲ್ಲ. ಕ್ರೌನ್ ಪಿನಿಯನ್ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಡೆಯಲು ಬೇರೆ ಔಷಧ ಬೆರೆಸಿದ ಗೇರ್ ಆಯಿಲ್ ಬೇಕು. ಅದರ ಡಬ್ಬಿಯ ಮೇಲೆ ಇ.ಪಿ. ಎಂಬ ಅಕ್ಷರ, 90 ಅಥವಾ 140 ಎಂಬ ಅಂಕಿ ಇರುತ್ತದೆ. ಜಿ.ಎಲ್. 4, ಜಿ.ಎಲ್. 5 ಎಂದೂ ಇರುತ್ತದೆ. ಇವು ಇಂಗ್ಲಿಷ್ ಅಕ್ಷರಗಳು. ನಿಮ್ಮ ಗಾಡಿಗೆ ಯಾವುದು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದೂ ಬರೆದಿದೆ. ಓದಲು ತೊಡಕಾದರೆ ಪುಸ್ತಕ, ಡಬ್ಬಿ ಎರಡನ್ನೂ ಸಂಜೆ ಕೇಂದ್ರಕ್ಕೆ ತನ್ನಿ. ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿರಲಿ. ಹೋದ ವಾರ ಅಣ್ಣ ತಂದ ಡಬ್ಬಿ ಮಗುಚಿ, ಹಾಜರಿ ಪುಸ್ತಕಕ್ಕೆಲ್ಲ ಗೇರ್ ಆಯಿಲ್ ಆಯಿತು.